ಹತ್ತೊಂಬತ್ತನೇ ಮೂವ್

ಮೇ 6, ಬೆಳಿಗ್ಗೆ 8.40

ಹತ್ತು ಸ್ಕೋರ್‌ಶೀಟ್, ಹತ್ತು ಪೆನ್, ಐದು ಗಡಿಯಾರ. ಎರಡು ಸಲ ಎಣಿಸಿದೆ. ಮೂರನೇ ಸಲವೂ ಎಣಿಸಿದೆ. ಅದು ನನ್ನ ರೋಗ. ನಮ್ಮ ಕಾಲೇಜಿನ ಪರೀಕ್ಷೆಯ ಹಾಲ್‌ನ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ ನಡುವೆ ಐದು ಮೇಜು ಹಾಕಿದ್ದಾರೆ. ಹೋದ ತಿಂಗಳು ಇಲ್ಲೇ ಫಸ್ಟ್ ಇಯರ್ ಮ್ಯಾಥ್ಸ್ ಬರೆಯುತ್ತಾ ವಾಂತಿ ತಡೆಯಲಾಗದೆ ಹೊರಗೆ ಓಡಿದ್ದೆ. ಈಗ ಇಲ್ಲೇ ನಾನು ಸ್ಟಾಫ್. ಕೊರಳಲ್ಲಿ ಕಾರ್ಡ್!

ಜೂನಿಯರ್ ಹುಡುಗಿಯರ ನ್ಯಾಷನಲ್ ಚೆಸ್ ಟೀಮಿನ ಸೆಲೆಕ್ಷನ್. ಹತ್ತು ಹುಡುಗಿಯರು, ಅವರಲ್ಲಿ ನನ್ನ ತಂಗಿಯೂ ಒಬ್ಬಳು. ದಿನಕ್ಕೊಂದರಂತೆ ಒಂಬತ್ತು ರೌಂಡ್. ಮೊದಲ ನಾಲ್ವರು ಹೊರದೇಶದ ಯೂತ್ ಟೂರ್ನಮೆಂಟ್‌ಗೆ. ಪ್ರತಿಯೊಬ್ಬಳೂ ಆಡುತ್ತಾ ಆಡುತ್ತಾ ಎರಡೂ ಕಡೆಯ ಮೂವ್‌ಗಳನ್ನು ತನ್ನ ಶೀಟಿನಲ್ಲಿ ಬರೆಯಬೇಕು. ಅದನ್ನು ಕಂಪ್ಯೂಟರ್‌ಗೆ ಹಾಕುವುದು ನನ್ನ ಕೆಲಸ. ಗಡಿಬಿಡಿಯಲ್ಲಿ ಒಬ್ಬಳು ಆಗದ ಮೂವ್ ಬರೆದರೆ ಸಾಫ್ಟ್‌ವೇರ್ ‘ಟಂಯ್’ ಎಂದು ನಿಂತುಬಿಡುತ್ತದೆ. ಆಗ ಎದುರಾಳಿಯ ಶೀಟ್ ನೋಡಿ ಸರಿಮಾಡುವುದು. ಎದುರಾಳಿಯದು ಸರಿಯಿದ್ದೇ ಇರುತ್ತದೆ. ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ.

ಇವತ್ತು ಮೂರನೇ ರೌಂಡ್. ತಂಗಿಗೆ ಎದುರು ಕನ್ನಡಕದ ಹುಡುಗಿ. ಆಡುವವಳು ತಂಗಿ, ಅಂಗೈ ಬೆವರುವುದು ನನಗೆ.

ಮೇ 6, ಸಂಜೆ 5.15

ತಂಗಿ ಸೋತಳು.

ಕನ್ನಡಕ ಆಟದ ನಡುವೆ ಮೂರು ಸಲ ಟಾಯ್ಲೆಟ್‌ಗೆ ಹೋದಳು. 11.05, 11.50, 12.40. ಬರೆದಿಟ್ಟಿದ್ದೇನೆ. ಮೂರು ಸಲವೂ ಸಣ್ಣ ಬಟ್ಟೆಯ ಚೀಲ ಕೈಯಲ್ಲಿ. ಬೋರ್ಡಿನ ಮೇಲೆ ಇಕ್ಕಟ್ಟಾದಾಗಲೇ ಟಾಯ್ಲೆಟ್ ನೆನಪಾಗುತ್ತದಾ? ಕಿವಿಗೆ ಹೂವಿಡುವುದಾದರೆ ಬೇರೆ ಯಾರಿಗಾದರೂ ಇಡಲಿ.

ಆಮೇಲೆ ಅವಳಪ್ಪ. ಕಿಟಕಿಯಾಚೆ ವರಾಂಡದಲ್ಲಿ ದಿನವಿಡೀ ನಿಂತೇ ಇರುತ್ತಾರೆ. ಹೆಗಲ ಮೇಲೆ ಕರ್ಚೀಫು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಬಸ್ ಡ್ರೈವರ್ ಅಂತೆ. ಬಸ್ ಡ್ರೈವರ್‌ಗೆ ಸಿಗ್ನಲ್ ಕೊಡುವುದನ್ನು ಹೇಳಿಕೊಡಬೇಕಾ?

ಅಮ್ಮನ ಫೋನ್.

“ಅವಳ ಮೇಲೆ ಒಂದು ಕಣ್ಣಿಟ್ಟಿರು. ನೀನಂತೂ ಚೆಸ್ಸನ್ನ ನಡುನೀರಲ್ಲೇ ಕೈಬಿಟ್ಟೆ, ಅವಳಾದ್ರೂ ದಡ ಸೇರ್ಲಿ.”

“ಅಮ್ಮಾ, ನಾನಿಲ್ಲಿ ಸ್ಟಾಫು.”

“ಸ್ಟಾಫ್ ಆದ್ಮೇಲೆ ಅಕ್ಕ ಅಲ್ವಾ?”

ತಂಗಿ ಅಳುತ್ತಿರಬಹುದೆಂದು ಹುಡುಕಿದರೆ ಕ್ಯಾಂಟೀನ್ ಬೆಂಚಿನ ಮೇಲೆ ಜುಟ್ಟಿನವಳ ಜೊತೆ ಕಿಸಿಕಿಸಿ. ಜುಟ್ಟಿನವಳೆಂದರೆ ಎಲ್ಲರಿಗಿಂತ ಮುಂದಿರುವವಳು. ಇಬ್ಬರ ನಡುವೆ ನನ್ನ ಹಳೇ ನೀಲಿ ನೋಟ್‌ಬುಕ್. ಶಾಲೆಯಲ್ಲಿದ್ದಾಗ ನಾನಾಡಿದ ಆಟಗಳೆಲ್ಲ ಅದರಲ್ಲಿವೆ. ಓದಿಕೋ, ಉಪಯೋಗಕ್ಕೆ ಬರುತ್ತೆ ಎಂದು ನಾನೇ ತಂಗಿಗೆ ಕೊಟ್ಟದ್ದು. ಜುಟ್ಟಿನವಳಿಗೆ ಅದರಲ್ಲೇನು ಕೆಲಸ? ಗೆಳೆತನದ ನೆಪದಲ್ಲಿ ತಂಗಿಯ ತಯಾರಿ ಕದಿಯಲು ಬಂದಿದ್ದಾಳೆ. ಈ ಹುಡುಗಿಗೋ ಬೆಳ್ಳಗಿದ್ದುದೆಲ್ಲ ಹಾಲು.

ಮೇ 7, ಮಧ್ಯಾಹ್ನ

ಕನ್ನಡಕ ಇವತ್ತೂ ಮೂರು ಸಲ. ಚೀಲ ಸಮೇತ.

ಆರ್ಬಿಟರ್ ಮೇಡಂ ಬಳಿ ಹೋದೆ. ಟೂರ್ನಮೆಂಟಿನ ತೀರ್ಪೆಲ್ಲ ಅವರ ಕೈಯಲ್ಲಿ.

“ಮೇಡಂ, ಒಂದ್ಮಾತು.”

“ಒಂದೇ ಆದ್ರೆ ಹೇಳು.”

ಹೇಳಿದೆ. ಟೈಮಿಂಗ್ ಸಮೇತ. ಕರ್ಚೀಫಿನದ್ದೂ ಹೇಳಿದೆ. ಮೇಡಂ ಕನ್ನಡಕ ತೆಗೆದು ಒರೆಸಿದರು. (ಇವರಿಗೂ ಕನ್ನಡಕ. ಎಲ್ಲ ಒಂದೇ ಪಾರ್ಟಿ ಇರಬಹುದಾ ಎಂದು ಒಂದು ಕ್ಷಣ ಅನಿಸಿತು. ನನಗೇ ನಗು ಬಂತು.)

“ನಿನ್ ತಂಗಿ ಸೋತ್ಲು ಅಂತ ಹೇಳ್ತಿದ್ದೀಯೇನಮ್ಮಾ?”

“ಇಲ್ಲ ಮೇಡಂ.”

ಸುಳ್ಳು. ಅಂದರೆ... ಅರ್ಧ ಸುಳ್ಳು.

“ಸರಿ, ನಾಳೆ ನೋಡೋಣ. ಬಾಯಿ ಮುಚ್ಕೊಂಡಿರು.”

ಮೇ 8, ಮಧ್ಯಾಹ್ನ 2.30

ಇದನ್ನು ಬರೆಯಬಾರದು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಕನ್ನಡಕ ಎರಡನೇ ಸಲ ಎದ್ದಾಗ ಮೇಡಂ ಗಡಿಯಾರ ನಿಲ್ಲಿಸಿ ಅವಳನ್ನು ಪಕ್ಕದ ರೂಮಿಗೆ ಕರೆದರು. ಸಾಕ್ಷಿಗೆ ನಾನೂ ಬರಬೇಕಂತೆ. ಚೀಲವನ್ನು ಮೇಜಿನ ಮೇಲೆ ಸುರಿದರು. ಮೂರು ಪ್ಯಾಡ್, ಒಂದು ಸುತ್ತಿಟ್ಟ ನ್ಯೂಸ್‌ಪೇಪರ್, ಹೊಟ್ಟೆನೋವಿನ ಮಾತ್ರೆ. ಅಷ್ಟೇ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆಚೆ ಯಾರೋ ಕಿಸಕ್ಕೆಂದರು.

ಅವಳು ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಹದಿನಾಲ್ಕು ವರ್ಷ ಇರಬಹುದು. ನನ್ನ ಕಡೆ ನೋಡಲಿಲ್ಲ. “ಹೋಗ್ಬಹುದಾ ಮೇಡಂ?” ಎಂದಷ್ಟೇ ಕೇಳಿದಳು.

ಒಳ್ಳೇ ಪೊಸಿಷನ್ ಇತ್ತು ಅವಳದು. ವಾಪಸ್ ಹೋಗಿ ಎಂಟೇ ಮೂವ್‌ಗಳಲ್ಲಿ ಸೋತಳು.

ಏಳು ವರ್ಷ ಹುಡುಗಿಯರ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ನನಗೆ ಇದು ಹೊಳೆಯಲಿಲ್ಲ.

ಮೇ 11, ಸಂಜೆ 4

ಮೂರು ದಿನ ಡೈರಿ ಮುಟ್ಟಲಿಲ್ಲ. ಶೀಟ್ ತಂದೆ, ಟೈಪ್ ಮಾಡಿದೆ, ತಲೆ ತಗ್ಗಿಸಿಕೊಂಡು ಹೋದೆ.

ಆದರೂ ಒಳಗೊಂದು ಹುಳ. ಚೀಲದಲ್ಲಿ ಸಿಗಲಿಲ್ಲ, ಸರಿ. ಕರ್ಚೀಫು? ಅದಿನ್ನೂ ಹೆಗಲು ಬದಲಾಯಿಸುತ್ತಲೇ ಇದೆ.

ಇವತ್ತು ಟೀ ಕುಡಿಯುತ್ತಿದ್ದಾಗ ಅವರೇ ಬಂದು ಪಕ್ಕದಲ್ಲಿ ಕೂತರು. ದೂರು ಕೊಟ್ಟವಳು ನಾನೆಂದು ಗೊತ್ತಾಗಿದೆ, ಬೈಯಲು ಬಂದಿದ್ದಾರೆ ಎಂದುಕೊಂಡೆ.

“ಅಮ್ಮಾ, ನೀನು ಓದಿದವ್ಳು. ಒಂದ್ ವಿಷ್ಯ ಹೇಳ್ಕೊಡ್ತೀಯಾ? ಮಗಳನ್ನ ಕೇಳಿದ್ರೆ ನಗ್ತಾಳೆ.”

“ಏನು ಅಂಕಲ್?”

“ಈ ಕುದುರೆ ಹೆಂಗೆ ಹೋಗುತ್ತೆ?”

ಬೆಪ್ಪಾಗಿ ನೋಡಿದೆ. ತಮಾಷೆ ಅಲ್ಲ. ನಿಜವಾಗಿಯೂ ಕೇಳುತ್ತಿದ್ದಾರೆ.

“ಎರಡು ಮನೆ ನೇರ, ಆಮೇಲೆ ಒಂದು ಮನೆ ಪಕ್ಕಕ್ಕೆ.”

“ಓ... ನಮ್ ಬಸ್ಸು ಡಿಪೋ ಒಳಗೆ ತಿರುಗ್ದಂಗೆ!”

ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. “ಕರ್ಚೀಫು ಯಾಕೆ ಆ ಹೆಗಲಿಂದ ಈ ಹೆಗಲಿಗೆ ಹಾಕ್ತೀರಿ?”

“ಬಿಸಿಲು ಆ ಕಡೆಯಿಂದ ಈ ಕಡೆಗೆ ಬರುತ್ತಲ್ಲಮ್ಮಾ.”

ಕುದುರೆಯ ನಡೆ ಗೊತ್ತಿಲ್ಲದ ಮನುಷ್ಯ ಸಿಗ್ನಲ್ ಕೊಡುತ್ತಾರೆ ಎಂದು ನಂಬಿದ್ದೆ.

ನಾಳೆ ಕಡೇ ರೌಂಡ್. ಲೆಕ್ಕ ಹೀಗಿದೆ. ಗೆದ್ದರೆ ಒಂದು ಪಾಯಿಂಟ್, ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ. ಟೀಮಿನಲ್ಲಿ ಮೂವರು ಗಟ್ಟಿ. ನಾಲ್ಕನೇ ಜಾಗಕ್ಕೆ ತಂಗಿ 5, ಕನ್ನಡಕ 4. ಕನ್ನಡಕಕ್ಕೆ ನಾಳೆ ಎಲ್ಲರಿಗಿಂತ ಹಿಂದಿರುವವಳು ಸಿಕ್ಕಿದ್ದಾಳೆ, ಗೆದ್ದೇ ಗೆಲ್ಲುತ್ತಾಳೆ. ತಂಗಿಗೆ ಜುಟ್ಟಿನವಳು. ತಂಗಿ ಸೋತರೆ ಇಬ್ಬರೂ 5. ಸಮ ಬಂದರೆ ಅವರಿಬ್ಬರೇ ಆಡಿದ ಆಟ ನೋಡುತ್ತಾರೆ, ಅದರಲ್ಲಿ ಕನ್ನಡಕ ಗೆದ್ದಿದ್ದಾಳೆ. ಅಂದರೆ ತಂಗಿಗೆ ಒಂದು ಡ್ರಾ ಬೇಕೇಬೇಕು. ಜುಟ್ಟಿನವಳಿಗೂ ಡ್ರಾ ಸಾಕು, ಮೊದಲನೇ ಸ್ಥಾನ.

ಬೇಗ ಕೈಕುಲುಕಿ ಏಳುವ ಹಾಗೂ ಇಲ್ಲ. ಮೂವತ್ತು ಮೂವ್ ಆಗುವ ಮುಂಚೆ ಡ್ರಾ ಒಪ್ಪುವಂತಿಲ್ಲ ಎಂಬ ರೂಲ್ ಇದೆ. ಒಳಗೊಳಗೇ ಮಾತಾಡಿಕೊಳ್ಳಬಾರದು ಅಂತ.

ತಂಗಿ ಮಾತ್ರ ನಿರಾಳ. ಐಸ್‌ಕ್ರೀಂ ತಿನ್ನುತ್ತಿದ್ದಾಳೆ. ಇಂಥ ದಿನ ನಾನಾಗಿದ್ದರೆ ಬಕೆಟ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದೆ.

ಮೇ 12, ಮಧ್ಯಾಹ್ನ 3.50

ಡ್ರಾ! ಮೂವತ್ತೊಂದು ಮೂವ್. ತಂಗಿ ಐದೂವರೆ. ಕನ್ನಡಕ ಗೆದ್ದಳು, ಐದು. ಅಮ್ಮನಿಗೆ ಫೋನ್ ಮಾಡಿದೆ, ಅತ್ತುಬಿಟ್ಟಳು. ಟೀಮಿನ ಪಟ್ಟಿಗೆ ನಾಳೆ ಹತ್ತು ಗಂಟೆಗೆ ಮೇಡಂ ಸೈನ್. ತಕರಾರಿದ್ದರೆ ಅದರೊಳಗೆ ಹೇಳಬೇಕು.

ಟೈಪ್ ಮಾಡಿ ಬರುತ್ತೇನೆ.

ಮೇ 12, 4.45

ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ.

ಜುಟ್ಟಿನವಳ ಶೀಟ್ ಹಾಕುತ್ತಿದ್ದೆ. ಹತ್ತೊಂಬತ್ತನೇ ಮೂವ್ — ಟಂಯ್. ಕುದುರೆ ಹೋಗಬೇಕೆಂದು ಬರೆದ ಮನೆಯಲ್ಲಿ ಅವಳದೇ ಕಾಲಾಳು ಕೂತಿದೆ. ತನ್ನ ಕಾಲಾಳಿನ ತಲೆಯ ಮೇಲೆ ಕುದುರೆ ಇಡಲು ಆಗುತ್ತದಾ? ಗಡಿಬಿಡಿ, ಪಾಪ ಎಂದುಕೊಂಡು ತಂಗಿಯ ಶೀಟ್ ತೆಗೆದೆ.

ಹತ್ತೊಂಬತ್ತನೇ ಮೂವ್. ಅದೇ ಕುದುರೆ. ಅದೇ ಮನೆ.

ಬೋರ್ಡ್ ನೋಡಿ ಬರೆದವರು ಇಬ್ಬರೂ ಇದನ್ನು ಬರೆಯಲಾರರು. ಇದು ಬಾಯಿಪಾಠ. ಬಾಯಿಪಾಠ ಮಾಡಿದ್ದು ಎಲ್ಲಿಂದ ಎಂದು ಯೋಚಿಸಬೇಕಾಗಲೇ ಇಲ್ಲ. ಈ ತಪ್ಪು ನನಗೆ ಗೊತ್ತು. ಈ ತಪ್ಪು ನನ್ನದು.

ಆಗ ಹದಿನಾಲ್ಕು ವರ್ಷ ನನಗೆ. ಅಂತರಶಾಲಾ ಫೈನಲ್‌ನ ಹಿಂದಿನ ದಿನ. ಮೆಸ್‌ನಲ್ಲಿ ತಟ್ಟೆ ಸರಿಸಿ, ನಾನೂ ರೂಮ್‌ಮೇಟೂ ಮೂವತ್ತೊಂದು ಮೂವ್‌ನ ಡ್ರಾ ಹೊಸೆದೆವು. ಬೋರ್ಡ್ ಇರಲಿಲ್ಲ, ತಲೆಯಲ್ಲೇ. ಅದಕ್ಕೇ ಕಾಲಾಳು ಕಣ್ಣಿಗೆ ಬೀಳಲಿಲ್ಲ. ಮಾರನೇ ದಿನ ಆಡುವಾಗ ಅಲ್ಲಿಗೆ ಬಂದು ಇಬ್ಬರೂ ತಡವರಿಸಿದೆವು, ಕುದುರೆಯನ್ನು ಎಲ್ಲೋ ಇಟ್ಟೆವು, ಶೀಟಿನಲ್ಲಿ ಮಾತ್ರ ಕಲಿತದ್ದನ್ನೇ ಬರೆದೆವು. ಆಗ ಯಾರೂ ಟೈಪ್ ಮಾಡುತ್ತಿರಲಿಲ್ಲ. ಇಬ್ಬರಿಗೂ ಮೆಡಲ್. ನೀಲಿ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ನಕ್ಷತ್ರ ಬೇರೆ ಹಾಕಿಟ್ಟಿದ್ದೆ.

ಒಂದು ವಾರ ಊರನ್ನೆಲ್ಲ ಅನುಮಾನಿಸಿದೆ. ನನ್ನ ಕಂಕುಳಲ್ಲಿದ್ದುದನ್ನು ಬಿಟ್ಟು.

ಮೇ 12, 5.20

ಫೈಲಿನಲ್ಲಿ ಕುದುರೆಯನ್ನು, ಅದು ಹೋಗಬಹುದಾದ ಇನ್ನೊಂದು ಮನೆಗೆ ಸರಿಸಿದೆ. ಕಂಪ್ಯೂಟರ್ ತೆಪ್ಪಗಾಯಿತು.

ಫೈಲ್ ಕೊಟ್ಟೆ. “ಒಂಬತ್ತು ರೌಂಡು, ಒಂದೂ ತಪ್ಪಿಲ್ಲ. ಭೇಷ್,” ಎಂದರು ಮೇಡಂ. ನನ್ನ ಮುಖ ನೋಡಿ, “ಊಟ ಸರಿಯಾಗಿ ಮಾಡು,” ಎಂದರು.

ಮೇ 12, 6.40

ಗೆಸ್ಟ್‌ರೂಮಿನಲ್ಲಿ ತಂಗಿ ಸೂಟ್‌ಕೇಸ್ ತುಂಬುತ್ತಿದ್ದಳು. ಬಾಗಿಲು ಹಾಕಿ ಕೇಳಿದೆ.

“ಹತ್ತೊಂಬತ್ತನೇ ಮೂವ್‌ನಲ್ಲಿ ಕುದುರೆ ಎಲ್ಲಿಟ್ಟೆ?”

“ನಾನ್ಯಾಕಿಡ್ಲಿ, ಕುದುರೆ ಅವಳದು.” ಆಮೇಲೆ ಮೆಲ್ಲಗೆ, “...ಗೊತ್ತಾಯ್ತಾ?”

“ಯಾಕೆ ಹೀಗ್ಮಾಡ್ದೆ?”

“ಯಾರಿಗೇನು ನಷ್ಟ ಆಯ್ತು?”

“ಕನ್ನಡಕಕ್ಕೆ.”

“ಅವಳ ಚೀಲ ಸುರಿಸಿದ್ದು ನಾನಾ?”

ಕೂತುಬಿಟ್ಟೆ. ತಂಗಿಯೂ ಕೂತಳು. ನನ್ನ ತೋಳಿಗೆ ತಲೆ ಒರಗಿಸಿದಳು.

“ಅಕ್ಕಾ, ಆ ಆಟಕ್ಕೆ ನಕ್ಷತ್ರ ಹಾಕಿದ್ಯಲ್ಲ, ಬೆಸ್ಟ್ ಗೇಮ್ ಇರ್ಬೇಕು ಅಂತ ಮೊದ್ಲು ಅದನ್ನೇ ಓದಿದ್ದು. ಬೋರ್ಡ್ ಮೇಲೆ ಇಟ್ಟು ನೋಡಿದ್ರೆ ಕುದುರೆ ಹೋಗೋದೇ ಇಲ್ಲ. ಆಗ್ಲೇ ಗೊತ್ತಾಯ್ತು, ನೀನೂ ಮಾಡಿದ್ದೀಯ ಅಂತ. ನೀನು ಮಾಡಿದ್ಮೇಲೆ ಅಷ್ಟೇನೂ ದೊಡ್ಡ ತಪ್ಪಲ್ಲ ಅನ್ಸ್ತು.”

“ತಪ್ಪಿರೋ ಮೂವ್ ಅಂತ ಗೊತ್ತಿದ್ದೂ ಹಾಗೇ ಬರೆದ್ಯಾ?”

“ಭಯದಲ್ಲಿ ಕೈ ತಾನಾಗೇ ಬರೀತು. ಅವಳದೂ ಹಾಗೇ ಆಗಿದೆ.” ನೋಟ್‌ಬುಕ್ ತೆಗೆದು ನನ್ನ ಮಡಿಲಿಗೆ ಹಾಕಿದಳು. “ತಗೋ. ಹರಿದು ಹಾಕ್ತೀಯೋ, ಮೇಡಂಗೆ ಕೊಡ್ತೀಯೋ. ಕೊಟ್ರೆ ಇದು ಯಾರ ಆಟ ಅಂತ್ಲೂ ಹೇಳ್ಬೇಕಾಗುತ್ತೆ.”

ಅದು ಬೆದರಿಕೆಯೋ, ಬೇಡಿಕೆಯೋ? ಅವಳ ಮುಖ ನೋಡಿದರೆ ಗೊತ್ತಾಗಲಿಲ್ಲ. ನಾನು ಐದನೇ ಕ್ಲಾಸಿನಲ್ಲಿರುವವರೆಗೆ ಗೊತ್ತಾಗುತ್ತಿತ್ತು. ಆಮೇಲೆ ನಾನು ಹಾಸ್ಟೆಲ್‌ಗೆ ಹೋದೆ.

ಮೇ 13, ಬೆಳಿಗ್ಗೆ 9.25

ಅಮ್ಮನ ಆರು ಮಿಸ್ಡ್ ಕಾಲ್. ಟಿಕೆಟ್ಟು, ಪಾಸ್‌ಪೋರ್ಟು, ನೆಂಟರಿಷ್ಟರಿಗೆಲ್ಲ ಆಗಲೇ ಸುದ್ದಿ.

ನೋಟ್‌ಬುಕ್ ಹರಿಯಲು ನೋಡಿದೆ. ರಟ್ಟು ಗಟ್ಟಿ. ಹಾಸ್ಟೆಲ್ ಸ್ಟೋರ್ಸ್‌ನವರು ಆ ಒಂದು ವಿಷಯದಲ್ಲಿ ಮೋಸ ಮಾಡುತ್ತಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಕುದುರೆಯ ಗುರುತು ಹಿಡಿಯಬಲ್ಲವಳು ನಾನೊಬ್ಬಳೇ. ಅದೇ ಕಷ್ಟ.

9.40

ಮೇಡಂ ರೂಮಿನ ಹೊರಗಿನ ಬೆಂಚು. ರೂಮಿಗೆ ಬೀಗ. ಮೇಡಂ ಇನ್ನೂ ಬಂದಿಲ್ಲ.

ಕನ್ನಡಕದ ಅಪ್ಪ ಬ್ಯಾಗ್ ಹೆಗಲಿಗೇರಿಸಿಕೊಂಡು ಬಂದರು. ಮಗಳು ಗೇಟಿನ ಹತ್ತಿರ ನಿಂತಿದ್ದಾಳೆ. ಒಳಗೆ ಬರಲ್ಲ ಅಂದಳಂತೆ.

“ಮೇಡಂಗೆ ಹೇಳಿ ಹೋಗೋಣ ಅಂತ ಬಂದೆ. ಹತ್ತೂವರೆಗೆ ನಮ್ ಬಸ್ಸು. ಅರ್ಧ ಪಾಯಿಂಟಂತೆ, ಹೋಗ್ಲಿ ಬಿಡು... ಮುಂದಿನ್ ವರ್ಷ ಇದ್ದೇ ಇದೆ. ನಿನ್ನೆ ಟಿಕೆಟ್ ತಗೊಳ್ಳೋಕೆ ಹೋದಾಗ ಬಸ್‌ಸ್ಟ್ಯಾಂಡಲ್ಲಿ ಮಗಳಿಗೆ ಕುದುರೆ ಓಡ್ಸಿ ತೋರಿಸ್ದೆ. ಮೊದಲ್ನೇ ಸಲ ನಕ್ಳು, ಆ ಚೀಲದ ಗಲಾಟೆ ಆದ್ಮೇಲೆ. ಯಾರು ಹೇಳ್ಕೊಟ್ಟಿದ್ದು ಅಂದ್ಳು. ಆ ಟೈಪ್ ಮಾಡೋ ಅಕ್ಕ ಅಂದೆ.”

“ಏನಂದ್ಲು?”

“ನಗು ನಿಲ್ಸಿ ಬ್ಯಾಗ್ ತಗೊಂಡು ಎದ್ಲು.”

ದೂರು ಕೊಟ್ಟದ್ದು ನಾನೆಂದು ಗೊತ್ತು ಅವಳಿಗೆ. ಅಪ್ಪನಿಗೆ ಹೇಳಿಲ್ಲ.

“ಅಂಕಲ್, ಈ ಬಸ್ಸಿಗೆ ಹೋಗ್ಬೇಡಿ.”

“ಯಾಕಮ್ಮಾ?”

“ಕೂತ್ಕೊಳ್ಳಿ. ಮಗಳನ್ನೂ ಒಳಗೆ ಕರೀರಿ.”

9.52

ಅಂಕಲ್ ಪಕ್ಕದಲ್ಲೇ ಕೂತಿದ್ದಾರೆ. ಮಗಳು ಗೇಟು ಬಿಟ್ಟು ಬಂದಿಲ್ಲ. ಬಿಸಿಲು ತಿರುಗಿತು, ಕರ್ಚೀಫು ಬಲ ಹೆಗಲಿಗೆ ಬಂತು. ಮೆಟ್ಟಿಲ ಮೇಲೆ ಮೇಡಂ ಚಪ್ಪಲಿ ಸದ್ದು. ಅವರ ಹಿಂದೆ ಇನ್ನೊಂದು ಚಪ್ಪಲಿ. ತಂಗಿಯದಾ? ಏನು ಹೇಳಲು ಬರುತ್ತಿದ್ದಾಳೆ? ನನಗಿಂತ ಮುಂಚೆಯೇ ಹೇಳಿಬಿಟ್ಟಿದ್ದಾಳಾ, ಅಥವಾ... ಇರಲಿ. ನಕ್ಷತ್ರದ ಪುಟದಲ್ಲಿ ಬೆರಳಿಟ್ಟಿದ್ದೇನೆ. ಮೊದಲನೇ ವಾಕ್ಯ ಇಲ್ಲೇ ಬರೆದುಕೊಳ್ಳುತ್ತೇನೆ, ಒಳಗೆ ಹೋದಮೇಲೆ ನಾಲಗೆ ಹೊರಳದಿದ್ದರೆ ಓದಿಬಿಡಬಹುದು. ‘ಮೇಡಂ, ನನ್ನ ತಂಗಿ’ — ಅಲ್ಲ, ಅಲ್ಲಿಂದ ಶುರುವಾಗಿದ್ದಲ್ಲ. ‘ಮೇಡಂ, ನಾನು ಹದಿನಾಲ್ಕು ವರ್ಷದವಳಿದ್ದಾಗ