ಚಂದ್ರಿ ಕೂಗಲಿಲ್ಲ

ಅಕ್ಕಾ,

ನೀನಿರುವಲ್ಲಿಗೆ ಟಪಾಲು ಹೋಗುವುದಿಲ್ಲ. ಆದರೂ ಹೇಳಬೇಕು. ತೇರಗಾಂವದ ನಮ್ಮ ಮನೆಯಲ್ಲಿ ಇವತ್ತು ನಿನ್ನ ಮಗಳು ಚಂದ್ರಿ ಹೆತ್ತಳು. ಹೆಣ್ಣುಮಗು.

ಯುದ್ಧ ಮುಗಿದ ವರ್ಷ ಅವಳನ್ನು ಕ್ಯಾಸಲ್‌ರಾಕ್‌ನ ರೈಲ್ವೆ ಕೆಲಸದವನಿಗೆ ಕೊಟ್ಟೆವು. ಅಲ್ಲಿಯ ನರ್ಸಬಾಯಿ ಅದೇನೋ ಕಲಿಸಿದ್ದಾಳೆ. ನೋವು ಬಂದಾಗ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟು, ‘ಸಡಿಲಾಗು’ ಎಂದು ತನ್ನ ಮೈಗೆ ತಾನೇ ಹೇಳಿಕೊಳ್ಳಬೇಕಂತೆ. ನನಗೆ ಮಾಟದ ಹಾಗೆ ಕಂಡಿತು. ಏನಾದರೂ ಕುಡಿಸಿ ಕಳಿಸಿದ್ದಾಳೋ ಎಂದು ಚಂದ್ರಿಯ ಬಾಯಿ ಮೂಸಿ ನೋಡಿದೆ.

ಹೆರಿಗೆ ಸಲೀಸಾಗಲೆಂದು ಸೂಲಗಿತ್ತಿ ಪದ್ಧತಿಯಂತೆ ಮನೆಯಲ್ಲಿದ್ದ ಗಂಟುಗಳನ್ನೆಲ್ಲ ಬಿಚ್ಚಿಸಿದಳು. ಚಂದ್ರಿ ನಕ್ಕು, “ಮನಿಯಾಗಿನ ಗಂಟು ನೀವು ಬಿಚ್ರಿ, ಮೈಯಾಗಿಂದು ನಾ ಬಿಚ್ಚತೇನಿ” ಅಂದಳು. ಆಮೇಲೆ ಮಾತೇ ನಿಂತಿತು. ಒಂದು ನರಳಾಟವಿಲ್ಲ. ತಡೆಯಲಾರದೆ, ಕೂಗಲಿ ಎಂದು ಅವಳ ತೋಳು ಚಿವುಟಿದೆ. ಮತ್ತೆ ಚಿವುಟಿದೆ.

“ಚಿಗವ್ವಾ, ಯಾಕ ಚಿವುಟ್ತಿ? ನಾ ಇಲ್ಲೇ ಅದೇನಿ” ಅಂದಳು.

ಈಗ ಮಗುವನ್ನು ತಬ್ಬಿಕೊಂಡು ಮಲಗಿದ್ದಾಳೆ. ನಾನು ಹೋಗಿ ಹೋಗಿ ಎಬ್ಬಿಸುತ್ತೇನೆ, ಬೈಯುತ್ತಾಳೆ.

ಅವಳು ಹುಟ್ಟಿದ ದಿನ ನೀನೂ ಹೀಗೇ ಸುಮ್ಮನಾಗಿದ್ದೆ. ಅಂತೂ ನಿದ್ದೆ ಹತ್ತಿತಲ್ಲ ಎಂದು ನಾನೇ ಕೌದಿ ಹೊದಿಸಿ, ಸಪ್ಪಳಾಗದ ಹಾಗೆ ಬಾಗಿಲು ಮುಂದಕ್ಕೆ ಮಾಡಿ ಬಂದಿದ್ದೆ.