ಒಂದೂವರೆ ಡಿಗ್ರಿ ನೆರಳು

ಮಾರ್ಚ್ 3, ಸೋಮವಾರ
ಬೆಳಿಗ್ಗೆ 7: 17.4 ಡಿಗ್ರಿ. ಮಧ್ಯಾಹ್ನ 2: 32.6. ರಿಜಿಸ್ಟರ್‌ಗೆ ಏರಿಸಿದೆ. ಥರ್ಮಾಮೀಟರ್ ಪೆಟ್ಟಿಗೆಯ ಬಾಗಿಲು ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ. ಊಟಕ್ಕೆ ನಿನ್ನೆಯ ಮುದ್ದೆ. ರುಚಿ ಗೊತ್ತಾಗಲಿಲ್ಲ. ಮನೆಯವಳು ನಾಗಲಕ್ಷ್ಮಿ ತೀರಿಹೋಗಿ ನಲವತ್ಮೂರು ದಿನ.
ಹಾಸನದಿಂದ ಶ್ರದ್ಧಾ ಫೋನು. ಕೃಷಿ ಓದುತ್ತಿರುವ ಹುಡುಗಿ. ನಾಲ್ಕು ತಾಲ್ಲೂಕಿನ ಮೂವತ್ತು ವರ್ಷದ ತಾಪಮಾನ ಹೋಲಿಸುತ್ತಿದ್ದಾಳೆ. ನಾಳೆ ಚನ್ನರಾಯಪಟ್ಟಣದ ನಮ್ಮ ಕೃಷಿ ಫಾರಂಗೆ ಬರುತ್ತಾಳಂತೆ. ಬರಲಿ.

ಮಾರ್ಚ್ 4
ಬಿಸಿಲಿಗೆ ಲ್ಯಾಪ್‌ಟಾಪ್ ಕಾಣುವುದಿಲ್ಲ ಅಂತ ಪೆಟ್ಟಿಗೆ ಪಕ್ಕದ ಹೊಂಗೆ ಮರದಡಿ ಕೂತಳು.
"ದೇವರಾಜ್ ಸರ್, ಹಾಸನ, ಹೊಳೆನರಸೀಪುರ, ಅರಕಲಗೂಡು — ಮೂರು ಕಡೇನೂ ಗೆರೆ ಮೇಲಕ್ಕೆ ಹೋಗಿದೆ. ಚನ್ನರಾಯಪಟ್ಟಣಕ್ಕೆ ನನ್ನ ಹತ್ರ ಇರೋದು ನಿಮ್ಮ ರಿಜಿಸ್ಟರ್ ಒಂದೇ. ಇಲ್ಲಿ ಮಾತ್ರ 2012ರಿಂದ ಏರೇ ಇಲ್ಲ. ಏನಾದ್ರೂ ಬದಲಾಯ್ತಾ?"
"ಇಲ್ಲ ಕಣಮ್ಮ. ಎಲ್ಲಾ ಹಂಗೇ ಐತೆ."
"ಹಾಗಾದ್ರೆ ನಿಮ್ಮ ಕಡೆ ಬಿಸಿ ಹೆಚ್ಚಿಲ್ಲ ಅಂತಾನೇ ಬರೀತೀನಿ. ಒಂದು ದಿನಾನೂ ತಪ್ಪಿಲ್ಲ ಸರ್ ನೀವು!"
ವಾಚ್‌ಮನ್ ಕೃಷ್ಣಪ್ಪ ನಕ್ಕ. "ಎಚ್ಚಿಲ್ವಂತಾ? ನಮ್ ತ್ವಾಟದ್ ತೆಂಗಿನ್ ಸಸಿ ಸುಟ್ಟೋದ್ವಲ್ಲ. ಅವ್ಕೆ ಯಾರೂ ಯೋಳ್ನಿಲ್ವೇನೋ!"
ನಗು ಬರಲಿಲ್ಲ.

ಮಾರ್ಚ್ 5
ಎರಡು ಗಂಟೆ, 33.0. ಓದಿ ತಲೆ ಎತ್ತಿದೆ. ಹೊಂಗೆ. ಪೆಟ್ಟಿಗೆಯ ಮೇಲೆ ಪೂರಾ ನೆರಳು. ಅಯ್ಯೋ ಕರ್ಮವೇ... ದಿನಾ ಎರಡು ಸಲ ಬರುವವನಿಗೆ ಕಂಡೇ ಇರಲಿಲ್ಲ.
2009ರಲ್ಲಿ ಬುತ್ತಿ ತಂದ ನಾಗಲಕ್ಷ್ಮಿ ನೆಟ್ಟಿದ್ದು. "ಬಿಸ್ಲಲ್ಲಿ ನಿಂತ್ಕಂಡು ಅದೇನ್ ಓದೀರೋ, ನೆತ್ತಿ ಸುಟ್ಟೋಯ್ತದೆ." ಪೆಟ್ಟಿಗೆ ಹತ್ತಿರ ಮರ ಇರಕೂಡದು ಅಂತ ನನಗೆ ಗೊತ್ತಿತ್ತು. ಗೇಣುದ್ದದ ಗಿಡ, ಇರಲಿ ಅಂದುಕೊಂಡೆ.
ಸ್ಟೋರಿನಲ್ಲಿದ್ದ ಹಳೇ ಪೆಟ್ಟಿಗೆ ಎಳೆಸಿ, ಬಯಲಲ್ಲಿ ನಿಲ್ಲಿಸಿ, ಸ್ಪೇರ್ ಥರ್ಮಾಮೀಟರ್ ಇಟ್ಟೆ.

ಮಾರ್ಚ್ 11
ಐದು ದಿನ ನೋಡಿದೆ. ಮಧ್ಯಾಹ್ನ ಬಯಲಲ್ಲಿ ಒಂದೂವರೆ ಡಿಗ್ರಿ ಹೆಚ್ಚು. ದಿನಾ.
ಶ್ರದ್ಧಾಗೆ ಹೇಳಿದರೆ ಹದಿಮೂರು ವರ್ಷದ ಅಂಕಿ ಹೊಡೆದುಹಾಕುತ್ತಾಳೆ. ಜನವರಿ 19ನ್ನೂ. ಅವತ್ತು ಹೋದ ನಾಗಲಕ್ಷ್ಮಿಯನ್ನು ಅಂಗಳದಲ್ಲಿ ಮಲಗಿಸಿ, ಏಳಕ್ಕೆ ಇಲ್ಲಿಗೆ ಬಂದು ಓದಿದ್ದೆ. 14.8. ಊರವರು ಮುಖಕ್ಕೇ ಉಗಿದರು. ಅಳು ಬರಲಿಲ್ಲ, ಏನು ಮಾಡಲಿ. ಓದುವುದು ಗೊತ್ತಿತ್ತು.
ಹೇಳದಿದ್ದರೆ ಸುಳ್ಳು ಅಚ್ಚಾಗುತ್ತದೆ. ಶುಕ್ರವಾರ ವರದಿ ಕಳಿಸುತ್ತಾಳಂತೆ.

ಮಾರ್ಚ್ 13, ಸಂಜೆ
ಫೋನ್ ಮಾಡಿದೆ.
"ಅವತ್ತು ಸುಳ್ಳೇ ಹೇಳ್ದಂಗಾಯ್ತು ಕಣಮ್ಮ. ನೀನು ಕೂತಿದ್ದೆಯಲ್ಲ, ಆ ಮರ... ಮೊದ್ಲು ಇರ್ಲಿಲ್ಲ."
"ಯಾರು ನೆಟ್ಟಿದ್ದು ಸರ್?"
"ನಮ್ಮನೆಯವ್ಳು."
"ಮರ ಇರ್ಲಿ ಸರ್. ಪೆಟ್ಟಿಗೆ ಬಯಲಿಗೆ ಹಾಕ್ಸಿ. ಆದ್ರೆ 2012ರಿಂದ ಈಚೆಗಿಂದು ಬಿಟ್ಬಿಡ್ಬೇಕಾಗತ್ತೆ."
"ಬುಡವ್ವಾ."
ಏನೂ ಅನ್ನಿಸಲಿಲ್ಲ. ದನದ ಹಾಗೆ ಕೂತಿದ್ದೆ.

ಮಾರ್ಚ್ 20, ಮಧ್ಯಾಹ್ನ 2
ಹೊಸ ಜಾಗ. 35.1. ಕನ್ನಡಕ ಬೆವೆತು ಎರಡು ಸಲ ಓದಬೇಕಾಯಿತು. ಕೃಷ್ಣಪ್ಪ ಮರದಡಿಯಿಂದ ಕೂಗಿದ, "ಈಗ್ ಸರ್ಯಾಗ್ ತೋರುಸ್ತದಾ ಸಾ?"
"ಸರ್ಯಾಗೈತೆ ಕಣಪ್ಪ" ಅಂದೆ.
ಇಷ್ಟು ವರ್ಷದ ಮೇಲೆ ನೆತ್ತಿ ಸುಡ್ತಿದೆ ಕಣೇ ನಾಗು. ಟವೆಲ್ಲೂ ತಂದಿಲ್ಲ, ನೀನು ಇದ್ದಿದ್ರೆ —