ಗೀರಿಲ್ಲದ ನಾಣ್ಯ

ವಸಂತ್ ಕುಂಜ್, ದೆಹಲಿ
೧೨ ನವೆಂಬರ್ ೨೦೦೬

ಪ್ರಿಯ ಐತಪ್ಪನವರೇ,

ಅಗಲಿದವರಿಗೆ ಅಂಚೆಯಿಲ್ಲವೆಂದು ಬಲ್ಲೆ. ಆದರೂ ಇಂದು ನಡೆದುದನ್ನು ತಮಗಲ್ಲದೆ ಬೇರಾರಿಗೆ ತಿಳಿಸಲಿ?

ಹತ್ತು ವರ್ಷಗಳ ಹಿಂದೆ ನನ್ನ ಸ್ಪೇನಿನ ಬೆಳ್ಳಿ ನಾಣ್ಯವನ್ನು ಕಾಗದದ ಮೇಲೆ ಅಚ್ಚು ತೆಗೆಯಲೆಂದು, ನನ್ನಂತೆಯೇ ನಾಣ್ಯ ಸಂಗ್ರಹಿಸುತ್ತಿದ್ದ ತಾವು ಒಯ್ದಿರಿ. ಹಿಂದಿರುಗಿಸಿದ ನಾಣ್ಯದಲ್ಲಿ, ಅರಸನ ಕಿವಿಯ ಬಳಿಯಿದ್ದ ಗೀರು ಇರಲಿಲ್ಲ. ತಮ್ಮ ಉಪಾಹಾರಗೃಹದಲ್ಲೇ, ಎಲ್ಲರೆದುರು, ತಮ್ಮನ್ನು ಕಳ್ಳನೆಂದೆ. "ಮೊದ್ಲು ಕಾಫಿ ಕುಡೀರಿ ಮಾಸ್ಟ್ರೇ" ಎಂದಿರಿ. ಕುಡಿಯದೆ ಹೊರಟವನು ಮತ್ತೆ ಬರಲಿಲ್ಲ.

ಇಂದು ತಮ್ಮ ಪತ್ನಿ ಉಮಾವತಿಯವರು ಆ ಗೀರಿನ ನಾಣ್ಯವನ್ನೇ ತಂದುಕೊಟ್ಟರು. "ಅವ್ರ ಪೆಟ್ಟಿಗೆಯಲ್ಲಿತ್ತು. ಹಾಗಾದ್ರೆ ಕದ್ದದ್ದು ಹೌದಾ, ಮಾಸ್ಟ್ರೇ?" ಎಂದು ಕೇಳಿದರು. ನಾನು ಹೌದೆಂದೆ.

ಅವರು ಹೋದ ಮೇಲೆ ಎರಡನ್ನೂ ತೂಗಿದೆ. ತಾವು ಕೊಟ್ಟದ್ದು ಇಪ್ಪತ್ತೇಳು ಗ್ರಾಂ, ಅಸಲಿ ನಾಣ್ಯದ ತೂಕ. ಬೆರಳತುದಿಯಲ್ಲಿರಿಸಿ ತಟ್ಟಿದರೆ ಗಂಟೆಯ ನಾದ. ಸಂತೆಯಲ್ಲಿ ಕೊಂಡು ನಾನು ಮೆರೆಸಿದ ಗೀರಿನದು ಇಪ್ಪತ್ತೊಂದು. ತಟ್ಟಿದರೆ ಒಡೆದ ಮಡಕೆಯ ಸದ್ದು. ಅದು ಹುಸಿ ನಾಣ್ಯ.

ತಮ್ಮ ನೈಜ ನಾಣ್ಯವನ್ನು ನನಗೇಕೆ ಕೊಟ್ಟಿರಿ? ನನ್ನ ಹೆಮ್ಮೆ ಮುರಿಯಬಾರದೆಂದೇ? ಹಾಗಿದ್ದರೆ, ಕಳ್ಳನೆಂದಾಗಲಾದರೂ ಏಕೆ ಬಾಯಿ ಬಿಡಲಿಲ್ಲ? ಅಥವಾ ತಮಗೆ ತಿಳಿಯದೆಯೇ ಎರಡೂ ಅದಲುಬದಲಾದವೇ? ಒಂದೂ ತಿಳಿಯುತ್ತಿಲ್ಲ.

ನಾಳೆ ಎರಡನ್ನೂ ಹಿಡಿದು ಉಮಾವತಿಯವರ ಮುಂದೆ ನಿಲ್ಲಬೇಕು. ಮಾತನ್ನು ಎಲ್ಲಿಂದ ಆರಂಭಿಸಲಿ? ಮೊದಲು ಕಾಫಿ ಕೇಳಲೇ?